ಮಾವ ಅಂಗಿ ತೂರಿಸಿಕೊಂಡ ದಿನ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮಕ್ಕನಿಗೆ ಬಂದ ಒಳ್ಳೆಯ ಸಂಬಂಧ ಇನ್ನೇನು ಕೈತಪ್ಪಿತು ಅನ್ನುವ ಮಟ್ಟಕ್ಕೆ ಹೋದದ್ದು ಮಾವನ ಅಂಗಿಯಿಂದ ಅಂತ ನೆಂಟರೆಲ್ಲ ಇವತ್ತಿಗೂ ಹೇಳುತ್ತಾರೆ. ಸುಳ್ಳು! ಅಂಗಿ ಪಾಪ, ತನ್ನ ಪಾಡಿಗೆ ತಾನು ಮಾವನ ಮೈಮೇಲೆ ನೇತಾಡಿಕೊಂಡಿತ್ತು. ಕೆಲಸ ಕೆಡಿಸಿದ್ದು ನನ್ನ ಬಾಯಿ. ಆದರೆ ನನ್ನ ಬಾಯಿಗೆ ವರ್ಷಗಟ್ಟಲೆ ಮೇವು ಹಾಕಿ ಬೆಳೆಸಿದ್ದು ಅದೇ ಅಂಗಿಯಾದ್ದರಿಂದ, ತಪ್ಪನ್ನು ನಾವಿಬ್ಬರೂ ಹಂಚಿಕೊಳ್ಳುವುದೇ ನ್ಯಾಯ ಅಂತ ನನ್ನ ವಾದ.

ಮಾವ ಅಂದರೆ ನಮ್ಮಮ್ಮನ ತಮ್ಮ. ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಕಬ್ಬು ಬೆಳೆಯುತ್ತಾನೆ, ಸೀಮೆಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಾನೆ. ಇದರಲ್ಲೇನು ವಿಶೇಷ ಅಂತೀರಾ? ಎಲ್ಲರೂ ಹಾಲು ಕರೆಯುತ್ತಾರೆ. ಆದರೆ ಫುಲ್ ತೋಳಿನ, ಗಟ್ಟಿ ಕಾಲರಿನ, ಎದೆ ಮೇಲೆ ಇಸ್ತ್ರಿ ಗೆರೆ ಇರುವ ಅಂಗಿ ತೊಟ್ಟು ಹಸುವಿನ ಕೆಚ್ಚಲ ಮುಂದೆ ಕುಕ್ಕರಗಾಲಲ್ಲಿ ಕೂರುವ ಮನುಷ್ಯ ಆ ಸೀಮೆಗೆಲ್ಲ ಅವನೊಬ್ಬನೇ!

ತೊಡುವ ರೀತಿಯೂ ಹಾಗೇ. ಮೇಲಿನ ಎರಡು ಗುಂಡಿ ಗಾಳಿಗೆ ಬಿಟ್ಟದ್ದು. ಬಲಗಡೆ ತೋಳು ಮೊಣಕೈ ದಾಟಿ ಮೇಲಕ್ಕೆ ಹೋಗಿರುತ್ತದೆ, ಎಡಗಡೆಯದು ದರ್ಜಿ ಕೊಟ್ಟಾಗ ಹೇಗಿತ್ತೋ ಹಾಗೇ ಇರುತ್ತದೆ. ಕಾಲರಿನ ಒಂದು ಕಿವಿ ಎದ್ದಿದ್ದರೆ ಇನ್ನೊಂದು ಮಲಗಿರುತ್ತದೆ. ಕೆಳಗೆ ಎತ್ತಿ ಕಟ್ಟಿದ ಪಂಚೆ, ಪಂಚೆಯ ಕೆಳಗಿನಿಂದ ಇಣುಕುವ ಪಟಾಪಟಿ ಚಡ್ಡಿ. ಅಂಗಿಯ ತುದಿ ಮಾತ್ರ ಹಿಂದೆ ಮುಂದೆ ಯಾರ ಹಂಗೂ ಇಲ್ಲದೆ ಹಾರಾಡುತ್ತಿರುತ್ತದೆ. ಸೊಂಟದಿಂದ ಮೇಲೆ ನೋಡಿದರೆ ತಹಶೀಲ್ದಾರರು, ಕೆಳಗೆ ನೋಡಿದರೆ ಕಾಯಿ ಕೀಳಲು ಬಂದವರು!

ಇಷ್ಟೊಂದು ಅಂಗಿ ಎಲ್ಲಿಂದ ಬರುತ್ತಿದ್ದವು? ಮದುವೆಗಳಿಂದ. ನಮ್ಮ ಕಡೆ ಮದುವೆಯಲ್ಲಿ ಹತ್ತಿರದ ನೆಂಟರಿಗೆ ತಾಂಬೂಲದ ಜೊತೆ ಒಂದು ಶರ್ಟ್ ಪೀಸು, ಒಂದು ಪ್ಯಾಂಟ್ ಪೀಸು ಕೊಡುತ್ತಾರೆ. ಅದನ್ನು ಯಾರೂ ಹೊಲಿಸುವುದಿಲ್ಲ. ಹೊಲಿಸಿದರೆ ಸಂಸಾರ ನಡೆಯುವುದುಂಟೇ? ಮಡಿಕೆ ಬಿಚ್ಚದೆ ಟ್ರಂಕಿನಲ್ಲಿಟ್ಟು ಮುಂದಿನ ಮದುವೆಯಲ್ಲಿ ಇನ್ನೊಬ್ಬರಿಗೆ ಕೊಡಬೇಕು. ಅವರು ಮತ್ತೊಬ್ಬರಿಗೆ. ಹೀಗೆ ನಮ್ಮಮ್ಮ ಹೊಣಕೆರೆಯ ಮದುವೆಯೊಂದರಲ್ಲಿ ಕೊಟ್ಟ ಬಿಸ್ಕತ್ತು ಬಣ್ಣದ ಪೀಸು ನಾಗಮಂಗಲ, ಶ್ರೀರಂಗಪಟ್ಟಣ ಎಲ್ಲ ಸುತ್ತಿಕೊಂಡು ಕೊನೆಗೆ ನಮ್ಮಪ್ಪನ ಕೈಗೇ ಉಡುಗೊರೆಯಾಗಿ ಬಂತು. ಮೂಲೆಯಲ್ಲಿ ಅಮ್ಮನ ಬೆರಳಿನದೇ ಅರಿಶಿನದ ಗುರುತು! ಅಮ್ಮನಿಗೆ ಬೇಜಾರಾಗಲಿಲ್ಲ. "ನೋಡು, ಎಲ್ರೂ ಎಷ್ಟ್ ಉಸಾರಾಗ್ ಮಡಗವ್ರೆ" ಅಂತ ಮತ್ತೆ ಟ್ರಂಕಿಗೆ ಸೇರಿಸಿದಳು.

ಇಂಥ ದೇಶಸಂಚಾರಿ ಪೀಸುಗಳು ಮಾವನ ಕೈಗೆ ಸಿಕ್ಕವೋ, ಮುಗಿಯಿತು, ಅವಕ್ಕೆ ಮೋಕ್ಷ! ಛತ್ರದಿಂದ ನೆಟ್ಟಗೆ ದರ್ಜಿಯ ಅಂಗಡಿಗೆ. ಅತ್ತೆ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಈವಯ್ಯನ್ ಕೈಗ್ ಒಂದ್ ಪೀಸ್ ಸಿಕ್ಬಾರ್ದು! ನಾಳೀಕೆ ಯಾರ್ದಾರಾ ಮದ್ವೆ ಬಂದ್ರೆ ಏನ್ ಕೊಡಾನಾ? ಒಲ್ಸಿರೋ ಅಂಗೀನೇ ಬಿಚ್ ಕೊಡಾನಾ?"

"ಬಟ್ಟೆ ಅನ್ನಾದು ಟ್ರಂಕ್ ನೋಡ್ಕಂಡ್ ಸಾಯಕ್ಕೇನೆ? ಮೈ ನೋಡ್ಬೇಕು" ಅನ್ನುತ್ತಿದ್ದ ಮಾವ. ಪ್ಯಾಂಟ್ ಪೀಸನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ಅದು ನಿಂದು. ಊರೂರ್ ಸುತ್ತಿಸ್ಕೊ, ಓಗು."

ಹೊಲಿಸುವುದೇನೋ ಸರಿ. ಒಳಗೆ ತೂರಿಸಿಕೊಳ್ಳುವುದಿಲ್ಲ ಯಾಕೆ? ಅಷ್ಟು ಅಂದವಾದ ಅಂಗಿಯನ್ನು ಇನ್‌ಶರ್ಟ್ ಮಾಡದೆ ಗದ್ದೆ ಬದುವಿನ ಮೇಲೆ ಹಾರಾಡಿಸುವುದು ಯಾಕೆ? ಈ ಕುತೂಹಲ ನನ್ನನ್ನು ಚಡ್ಡಿ ಹಾಕುವ ವಯಸ್ಸಿನಿಂದ ಕಾಡಿದ್ದು. ಕೇಳಿದಾಗಲೆಲ್ಲ ಒಂದೊಂದು ಉತ್ತರ.

"ಸೊಂಟಕ್ಕೆ ಉಸ್ರು ಕಟ್ತದೆ ಕಣ್ಲಾ."

ಇನ್ನೊಂದು ದಿನ: "ದರ್ಜಿ ಅಷ್ಟುದ್ದ ಒಲ್ದವ್ನೆ. ಅರ್ಧ ಬಚ್ಚಿಟ್ಕಂಡ್ರೆ ಅವನ್ ಒಟ್ಟೆ ಉರ್ಯಾಕಿಲ್ವಾ?"

ಮಾವನಿಂದ ಸತ್ಯ ಹೊರಡುವುದಿಲ್ಲ ಅಂತ ಸಾಕ್ಷಿಗಳ ಕಡೆ ತಿರುಗಿದೆ. ಅತ್ತೆಯ ಪ್ರಕಾರ ಅದು ಬರೀ ಸೋಂಬೇರಿತನ. ಅಮ್ಮನ ಪ್ರಕಾರ ಮಾವ ಸ್ಕೂಲಿಗೆ ಹೋದದ್ದು ತಾತನ ಹಳೇ ಅಂಗಿಯಲ್ಲಿ. ಮೊಣಕಾಲಿಗೆ ಏನಾದರೂ ಬಡಿಯುತ್ತಿಲ್ಲದಿದ್ದರೆ ಆಗಿನಿಂದಲೂ ಅವನಿಗೆ ನಡಿಗೆ ಬರುವುದಿಲ್ಲವಂತೆ! ದರ್ಜಿಯನ್ನು ಕೇಳಿದರೆ, "ಒಲ್ಯಾದಷ್ಟೇ ನನ್ ಕೆಲ್ಸ, ತೂರ್ಸಾದಲ್ಲ" ಅಂದುಬಿಟ್ಟ.

ಒಂದಂತೂ ನಿಜ. ಆ ತುದಿ ಮಾವನದಲ್ಲ, ಸಾರ್ವಜನಿಕ ಆಸ್ತಿ. ತೋಟದಿಂದ ಬರುವಾಗ ಅದರಲ್ಲಿ ಬದನೆಕಾಯಿ ಬರುತ್ತಿತ್ತು. ಆಲೆಮನೆಯಲ್ಲಿ ಬಿಸಿ ಬೆಲ್ಲದ ತುಂಡು ಹಿಡಿದು ಊದಿ ಊದಿ ನನಗೂ ಅಕ್ಕನಿಗೂ ಕೊಡುತ್ತಿದ್ದದ್ದು ಅದರಲ್ಲಿ, ತಿಂದ ಬಾಯಿ ಒರೆಸುತ್ತಿದ್ದದ್ದೂ ಅದರಲ್ಲಿ. ನನ್ನ ಮೂಗು ಸೋರುತ್ತಿದ್ದ ಕಾಲದ ವಿಷಯ ಬೇಡ ಬಿಡಿ. ಅಕ್ಕ ಲೆಕ್ಕದಲ್ಲಿ ಫೇಲಾದ ದಿನ ಮಾವನ ನೀಲಿ ಗೆರೆಯ ಅಂಗಿಯನ್ನು ಹಿಂಡಿ ಒಣಗಹಾಕಬೇಕಾಯಿತು!

ಒಮ್ಮೆ ಪಂಪ್‌ಸೆಟ್ಟಿನ ಸಾಮಾನು ತರಲು ನನ್ನನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದ. ಕೋಟೆಯ ಹತ್ತಿರ ಒಬ್ಬ ಬಿಳಿಯ ಪ್ರವಾಸಿ ಎದುರಾದ. ಫುಲ್ ತೋಳಿನ ಅಂಗಿ, ಮೇಲಿನ ಎರಡು ಗುಂಡಿ ಬಿಚ್ಚಿದೆ, ತೋಳು ಮಡಚಿದೆ, ತುದಿ ಹೊರಗೆ ಹಾರುತ್ತಿದೆ, ಕೆಳಗೆ ಚಡ್ಡಿ. ನಾನು ಬೆರಗಾಗಿ ನಿಂತೆ. ಮಾವನ ಕೀರ್ತಿ ಅಷ್ಟು ದೂರ ಹೋಗಿದೆಯೇ? ಮಾವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕನಿಕರದಿಂದ ಅಂದ:

"ಇವನ್ಗೂ ಯಾವ್ದೋ ಮದ್ವೇಲ್ ಕೊಟ್ಟವ್ರೆ ಕಣ್ಲಾ."

ಇಂಥ ಮಾವನಿದ್ದೂ ಅಣಕು ಮಾಡದಿದ್ದರೆ ನಾಲಿಗೆ ಇಟ್ಟುಕೊಂಡು ಏನು ಪ್ರಯೋಜನ? ಬಸ್ ಕಂಡಕ್ಟರು, ನಮ್ಮ ಪ್ರಿನ್ಸಿಪಾಲರು, ಎದುರುಮನೆ ಹುಂಜ, ಎಲ್ಲರ ದನಿಯನ್ನೂ ನಾನು ತೆಗೆಯುತ್ತಿದ್ದೆ. ಆದರೆ ನನ್ನ ಹೆಸರು ನಿಂತಿದ್ದು ಮಾವನ ಮೇಲೆ. ಕೆ.ಆರ್. ಪೇಟೆಯಲ್ಲಿ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಮಾವನ ಅಂಗಿಯನ್ನೇ ತೊಟ್ಟು, ಒಂದು ತೋಳು ಏರಿಸಿ, ಗುಂಡಿ ಬಿಚ್ಚಿ ವೇದಿಕೆ ಹತ್ತಿದೆ. ಜನ ಬಿದ್ದು ಬಿದ್ದು ನಕ್ಕರು. ಮಾರನೇ ವಾರ ನೋಡಿದರೆ ನಕ್ಕ ಹುಡುಗರೆಲ್ಲ ಇನ್‌ಶರ್ಟ್ ಬಿಟ್ಟು ಅಂಗಿ ಹೊರಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾರೆ! ಅದೇ ಆಗಿನ ಹೊಸ ಸ್ಟೈಲಂತೆ. ನಾನೂ ನಾಚಿಕೆ ಬಿಟ್ಟು ಹಾಗೇ ತೊಡತೊಡಗಿದೆ. ಒಂದೇ ವ್ಯತ್ಯಾಸ, ಮಾವನ ಅಂಗಿಯೊಳಗೆ ಮೈ ಇರುತ್ತಿತ್ತು, ನನ್ನದರೊಳಗೆ ಬರೀ ಗಾಳಿ.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ. ಅವರೆಕಾಯಿ ಕಾಲದಲ್ಲಿ ಅಕ್ಕನನ್ನು ನೋಡಲು ನಾಗಮಂಗಲದ ದೇವಲಾಪುರ ಕಡೆಯವರು ನಮ್ಮ ಮನೆಗೆ ಬಂದರು. ಹುಡುಗ ಸಂಭಾವಿತ. ಮತ್ತೆ ಮತ್ತೆ ನೀರು ಕೇಳುತ್ತಿದ್ದ. ಅಷ್ಟು ಬಾಯಾರಿಕೆ ಯಾಕೆ ಅಂತ ನೋಡಿದರೆ, ನೀರು ತಂದುಕೊಡುತ್ತಿದ್ದವಳು ಅಕ್ಕ! ಅಕ್ಕನೂ ಲೋಟ ತುಂಬಿಸದೆ ಅರ್ಧರ್ಧವೇ ತರುತ್ತಿದ್ದಳು. ಹಿಂದೆ ಬಂದವರ ಮುಂದೆ ತಲೆ ಎತ್ತದ ಅಕ್ಕ! ಇಬ್ಬರಿಗೂ ಒಪ್ಪಿಗೆ ಅನ್ನಲು ಇನ್ನೇನು ಬೇಕು?

ಆದರೆ ಹುಡುಗನ ಅಪ್ಪ ನಿವೃತ್ತ ಡ್ರಿಲ್ ಮೇಷ್ಟ್ರು. ಅಂಗಿಯ ಗುಂಡಿ ಗಂಟಲವರೆಗೆ, ಕಫ್ಫು ಮಣಿಕಟ್ಟಿಗೆ, ತುದಿ ಪ್ಯಾಂಟಿನೊಳಗೆ. ನೀರು ಕುಡಿದರೆ ಎಲ್ಲಿಂದ ಇಳಿಯುತ್ತದೋ ಅಂತ ನನಗೆ ಕುತೂಹಲ! ಸ್ಕೂಲಿನಲ್ಲಿ ಅಂಗಿ ಹೊರಗಿದ್ದ ಹುಡುಗನನ್ನು ಮೈದಾನ ಸುತ್ತಿಸದೆ ಬಿಟ್ಟವರೇ ಅಲ್ಲವಂತೆ. ಅಂಥವರು ಉಪ್ಪಿಟ್ಟು ಮುಗಿಸಿ, "ಏನಪ್ಪಾ, ನೀನು ಎಲ್ಲಾರ್ ತರ ಮಾತಾಡ್ತೀಯಂತೆ, ಒಂದ್ ಮಾಡು ನೋಡಾಣ" ಅಂದರು.

ಪ್ರಿನ್ಸಿಪಾಲರನ್ನು ಮಾಡಬಹುದಿತ್ತು. ಹುಂಜವನ್ನು ಮಾಡಬಹುದಿತ್ತು. ನಾನು ಎದ್ದು ಅಂಗಿ ಹೊರಗೆಳೆದು, ಒಂದು ತೋಳು ಏರಿಸಿ, ಮಾವನ ನಡಿಗೆ ನಡೆದೆ! ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ನಕ್ಕರೆ ನಾನು ನಿಲ್ಲಿಸುವ ಜಾತಿಯೇ? "ಇವ್ರೇ ಧಾರೆಗೆ ಹೆಣ್ಣು ಕರ್ಕಂಡ್ ಬರೋ ಸೋದರಮಾವ!" ಅಂತ ಘೋಷಿಸಿದೆ.

ಮೇಷ್ಟ್ರ ನಗು ಕಫ್ಫಿನ ಗುಂಡಿಯಂತೆ ಪಟ್ಟನೆ ಮುಚ್ಚಿಕೊಂಡಿತು. "ಮದ್ವೆಗೂ ಹಿಂಗೇ ಬರ್ತಾರಾ?"

ಅಮ್ಮ "ಇಲ್ಲ ಇಲ್ಲ, ಉಡ್ಗ ತಮಾಸೆ ಮಾಡ್ತಾನೆ" ಅನ್ನುವಷ್ಟರಲ್ಲಿ ಬಾಗಿಲಲ್ಲಿ ಅಸಲಿ ಮಾಲೇ ಪ್ರತ್ಯಕ್ಷ! ಎರಡು ಗುಂಡಿ ಬಿಚ್ಚಿದೆ, ಒಂದು ಕಾಲರು ಎದ್ದಿದೆ, ಅಂಗಿಯ ತುದಿಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದಿದ್ದಾನೆ. ನಮ್ಮ ಹಿತ್ತಿಲಿನಿಂದ ನೇರ ಬಂದು ಮೇಷ್ಟ್ರ ಮುಂದೆ ಅದನ್ನು ಸುರಿದ. ಸೊಗಡಿನ ಅವರೆಕಾಯಿ! "ತಗಳಿ ಬೀಗ್ರೆ, ಈಗ್ ಕಿತ್ತಿದ್ದು." ಒಂದೆರಡು ಉರುಳಿ ಮೇಷ್ಟ್ರ ಇಸ್ತ್ರಿ ಪ್ಯಾಂಟಿನ ಮೇಲೆ ಕೂತವು.

ಮಾರನೇ ವಾರ ಮಧ್ಯಸ್ಥರ ಕೈಲಿ ಮೇಷ್ಟ್ರ ಮಾತು ಬಂತು. ಹೆಣ್ಣು ಒಪ್ಪಿಗೆ, ಆದರೆ ಮದುವೆಗೆ ತಮ್ಮ ಕಡೆಯಿಂದ ದೊಡ್ಡ ದೊಡ್ಡವರು ಬರುತ್ತಾರೆ. ಸೋದರಮಾವ ಅಂದು ಅಂಗಿ ತೂರಿಸಿಕೊಂಡು, ಗುಂಡಿ ಹಾಕಿಕೊಂಡು, ಹೆಣ್ಣಿನ ಬಸ್ಸು ಹೊರಡುವ ತನಕ ಹಾಗೇ ಇರಬೇಕು. ಆಗುವುದಿಲ್ಲ ಅಂದರೆ ಇನ್ನೊಂದು ಸಂಬಂಧ ಅವರ ಕೈಯಲ್ಲಿದೆ.

ನೀವೇ ಹೇಳಿ, ಒಂದು ಅಂಗಿಯ ತುದಿಗೆ ಮದುವೆ ಕಟ್ಟಿದವರನ್ನು ಕಂಡಿದ್ದೀರಾ? ಅಪ್ಪ ಮಾವನಿಗೆ ಬುದ್ಧಿ ಹೇಳಿದರು. ಮಾವ ಆಕಾಶ ನೋಡಿದ. ಅಮ್ಮ ಗದರಿದಳು, "ನಿನ್ ಅಂಗಿ ದೊಡ್ದಾ, ನನ್ ಮಗ್ಳು ದೊಡ್ದಾ?" ನಾನು ಕಾಲಿಗೆ ಬಿದ್ದೆ. "ನೀನ್ ಏಳ್ಲಾ, ನಿಂದು ಆಮೇಲೈತೆ" ಅಂದ.

ಕೊನೆಗೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕನನ್ನು ಕೇಳಿದ. "ನೀನ್ ಏಳವ್ವ. ತೂರಿಸ್ಕಬೇಕಾ?"

ಅಕ್ಕ ನೆಲ ನೋಡಿಕೊಂಡು, "ಒಂದಿನ ತಾನೆ ಮಾವ" ಅಂದಳು.

ಮಾವ ಅಂಗಿಯ ತುದಿಯನ್ನೊಮ್ಮೆ ಕೆಳಕ್ಕೆಳೆದುಕೊಂಡ. "ಒಂದಿನ ತಾನೆ, ಬುಡು" ಅಂದ.

ಅಮ್ಮ ಟ್ರಂಕಿನಿಂದ ಬಿಸ್ಕತ್ತು ಬಣ್ಣದ ಪೀಸು ತೆಗೆದು ತಾನಾಗಿಯೇ ಮಾವನ ಕೈಗಿಟ್ಟಳು. ಅರಿಶಿನದ ಗುರುತನ್ನು ಕಂಡ ದರ್ಜಿ, "ಎಂಗೂ ಒಳೀಕ್ ಓಯ್ತದಲ್ಲ" ಅಂತ ಅದನ್ನು ಅಂಗಿಯ ತುದಿಗೆ ಬರುವಂತೆ ಕತ್ತರಿಸಿದ. ಅತ್ತೆಯ ಸಂಗ್ರಹದಿಂದ ಒಂದು ಪ್ಯಾಂಟ್ ಪೀಸಿಗೂ ಮೊಟ್ಟಮೊದಲ ಸಲ ಮೋಕ್ಷ ಸಿಕ್ಕಿತು. ಬೆಲ್ಟು ನಮ್ಮಪ್ಪನದು.

ಮದುವೆಯ ದಿನ ಕೆ.ಆರ್. ಪೇಟೆಯ ಛತ್ರದಲ್ಲಿ ಮಾವನನ್ನು ಯಾರೂ ಗುರುತಿಸಲಿಲ್ಲ. ಅತ್ತೆಯೇ "ನೀವ್ ಗಂಡಿನ್ ಕಡೆಯೋರಾ?" ಅಂತ ಕೇಳುವುದರಲ್ಲಿದ್ದಳು. ಗಂಟಲಿಗೆ ಗುಂಡಿ, ಸೊಂಟಕ್ಕೆ ಬೆಲ್ಟು. ಬಾಗುವ ಹಾಗಿಲ್ಲ, ತಿರುಗುವ ಹಾಗಿಲ್ಲ. ಬೆಳಗಿನಿಂದ ಒಂದು ತಮಾಷೆ ಇಲ್ಲ, ಯಾರಿಗೂ ಒಂದು ಬೈಗುಳ ಇಲ್ಲ. ಅಕ್ಕನ ಕೈ ಹಿಡಿದು ಧಾರೆಗೆ ಕರೆತಂದದ್ದೂ ಕವಾಯತಿನ ನಡಿಗೆಯಲ್ಲೇ. ಡ್ರಿಲ್ ಮೇಷ್ಟ್ರು ಮೆಚ್ಚಿ ತಲೆದೂಗಿದರು. ನಾನು ಊಟದ ಪಂಕ್ತಿಯಲ್ಲಿ ಆ ನಡಿಗೆಯನ್ನೂ ಅಣಕಿಸಿ ನಗಿಸಿದೆ. ನನ್ನ ಬುದ್ಧಿ ಎಲ್ಲಿಗೆ ಹೋಗುತ್ತದೆ?

ಹೆಣ್ಣು ಒಪ್ಪಿಸುವ ಹೊತ್ತಾಯಿತು. ಛತ್ರದ ಮುಂದೆ ಬಸ್ಸು ಗುರುಗುಟ್ಟುತ್ತಿತ್ತು. ಅಕ್ಕ ಅಮ್ಮನನ್ನು ತಬ್ಬಿದಳು. ಅಮ್ಮನ ಸೆರಗು ಅಮ್ಮನ ಕಣ್ಣಿಗೇ ಸಾಲದಾಗಿತ್ತು. ಅಲ್ಲಿಂದ ಅಕ್ಕ ಮಾವನ ಹತ್ತಿರ ಬಂದಳು. ತಲೆ ಎತ್ತಲಿಲ್ಲ. ಕೈ ಮಾತ್ರ ತನ್ನಷ್ಟಕ್ಕೆ ತಾನು ಮಾವನ ಸೊಂಟದ ಪಕ್ಕಕ್ಕೆ ಹೋಯಿತು. ಅಲ್ಲಿ ಬೆಲ್ಟು ಸಿಕ್ಕಿತು. ಕೈ ಇನ್ನೊಂದು ಪಕ್ಕ ತಡಕಿತು. ಅಲ್ಲೂ ಬೆಲ್ಟು. ಏನು ಹುಡುಕುತ್ತಿದ್ದೇನೆ ಅಂತ ಆಗ ಅವಳಿಗೇ ಗೊತ್ತಾಗಿರಬೇಕು, ಕೈ ಅಲ್ಲೇ ನಿಂತುಬಿಟ್ಟಿತು.

ಅಷ್ಟು ವರ್ಷ ನಾನು ಊರೆಲ್ಲ ಕೇಳಿಕೊಂಡು ತಿರುಗಿದ ಪ್ರಶ್ನೆಗೆ ಉತ್ತರ ಅಲ್ಲಿ ನಿಂತಿತ್ತು.

ಮಾವ ಬೆಲ್ಟು ಸಡಿಲಿಸಿದ. ಅಂಗಿಯನ್ನು ಹಿಡಿದು ಒಂದೇ ಎಳೆತಕ್ಕೆ ಹೊರಗೆಳೆದ. ಮುದುಡಿ ಮುದ್ದೆಯಾಗಿದ್ದ ಆ ತುದಿಯನ್ನು ಅಕ್ಕನ ಕೈಗೆ ಕೊಟ್ಟ. ಅಕ್ಕ ಅದರಲ್ಲಿ ಮುಖ ಮುಚ್ಚಿಕೊಂಡಳು. ಅಮ್ಮನ ಅರಿಶಿನದ ಗುರುತಿನ ಪಕ್ಕದಲ್ಲೇ ಅಕ್ಕನ ಕಾಡಿಗೆಯೂ ಅಂಟಿತು.

ಆಗ ಹಿಂದಿನಿಂದ ಸೀಟಿ ಊದಿದಂತೆ ದನಿ ಬಂತು. "ಬೀಗ್ರೆ! ಬಸ್ಸು ಹೊರಡೋ ತನಕ ಅಂತ ಮಾತಾಗಿತ್ತು. ತೂರಿಸ್ಕೊಳಿ."

ಮದುವೆಯೇನೋ ಆಗಿತ್ತು, ಆದರೆ ಅಕ್ಕ ಬಾಳಬೇಕಾದ್ದು ಈ ದನಿಯ ಮನೆಯಲ್ಲಿ. ಆಮೇಲೆ ಮೇಷ್ಟ್ರು ಬಸ್ಸು ಹತ್ತುವಾಗ ಅವರ ಅಂಗಿಯ ಒಂದು ಮೂಲೆ ಪ್ಯಾಂಟಿನಿಂದ ಈಚೆಗೆ ಬಂದಿದ್ದನ್ನು ನಾನು ಕಣ್ಣಾರೆ ಕಂಡೆ. ತಾನಾಗಿ ಬಂತೋ, ಅವರೇ ಎಳೆದುಕೊಂಡರೋ, ನನಗೆ ಇವತ್ತಿಗೂ ಕುತೂಹಲ. ಅದಕ್ಕೆ ಮುಂಚೆ ಮಾವ, ಅಕ್ಕನ ತಲೆ ಮೇಲಿಟ್ಟ ಕೈ ತೆಗೆಯದೆ, ದನಿ ಏರಿಸದೆ ಅವರಿಗೆ ಹೇಳಿದ್ದು ಇಷ್ಟೇ:

"ಆಯ್ತು ಬೀಗ್ರೆ, ತೂರಿಸ್ಕತೀನಿ. ಅದುಕ್ ಮುಂಚೆ ನಿಮ್ಮನೇಲಿ ಯಾರ್ ಅಂಗಿ ಈಚೆಗದೆ ಅಂತ ನಮ್ ಮಗೀಗ್ ಒಸಿ ತೋರ್ಸ್ಬುಡಿ."