ವ್ಯಾಪ್ತಿ ಮೀರಿದ ಟೇಬಲ್ ಫ್ಯಾನ್

ಇನ್ನು ಮುಂದೆ ನಮ್ಮ ಮನೆಯಲ್ಲಿ ನನ್ನ ಅಪ್ಪಣೆಯಿಲ್ಲದೆ ಒಂದು ಸ್ವಿಚ್ಚೂ ಅಲುಗಾಡಕೂಡದು! ಜಮಖಂಡಿಯಲ್ಲಿ ವಿದ್ಯುತ್ ಉಪಕರಣಗಳ ಸುರಕ್ಷತೆಯ ಉಪನ್ಯಾಸ ಕೇಳಿ ಬನಹಟ್ಟಿಯಲ್ಲಿ ಬಸ್ಸಿಳಿದಾಗ ನಾನು ಮಾಡಿದ ಭೀಷಣ ಪ್ರತಿಜ್ಞೆ ಇದು. "ಮೊದಲು ಮಾನದಂಡದ ವ್ಯಾಪ್ತಿ ತಿಳಿಯಿರಿ. ಮನೆ ಬಳಕೆಯ ಉಪಕರಣ ಅದರೊಳಗೆ, ಉದ್ಯಮಕ್ಕೆಂದೇ ಮಾಡಿದ್ದು ಹೊರಗೆ" ಎಂದಿದ್ದರು ಭಾಷಣಕಾರರು. ಆ 'ಉದ್ಯಮಕ್ಕೆಂದೇ'ಯ 'ಎಂದೇ' ಬರುವ ಹೊತ್ತಿಗೆ ನಾನು ತೂಕಡಿಸುತ್ತಿದ್ದೆ; ಉದ್ಯಮದ ಕಡೆ ಸುಳಿದದ್ದೆಲ್ಲ ಹೊರಗೆ ಎಂದುಕೊಂಡೆ. ಮುಂದಿನ ಅನಾಹುತವೆಲ್ಲ ಆ ತೂಕಡಿಕೆಯದೇ!

ನಮ್ಮದು ನೇಕಾರರ ಮನೆ. ಪಡಸಾಲೆಯ ಒಂದು ಬದಿಗೆ ಮಗ್ಗ, ಇನ್ನೊಂದು ಬದಿಗೆ ಅಡುಗೆ, ನಡುವೆ ಸ್ಟೂಲಿನ ಮೇಲೆ ಟೇಬಲ್ ಫ್ಯಾನ್. ಮಗ್ಗದ ಮೇಲೆ ಆಗಷ್ಟೇ ನೇಯ್ದು ಮುಗಿಸಿದ ಕೆಂಪು ಸೀರೆಯಿತ್ತು. ಮುಧೋಳದ ಶಿವಯೋಗೆಪ್ಪನವರು ಮಗಳ ಮದುವೆಗೆಂದು ಹೇಳಿ ನೇಯಿಸಿದ್ದು. ಸಂಜೆ ಒಯ್ಯಲು ಬರುವವರಿದ್ದರು. ಮೆಚ್ಚಿದರೆ ಬೀಗರ ಸೀರೆಗಳನ್ನು ನೇಯುವ ಕೆಲಸವೂ ನಮಗೇ!

ನನ್ನ ಕಣ್ಣು ಫ್ಯಾನಿನ ಮೇಲೆ ಬಿತ್ತು. ಅದು ಒಮ್ಮೆ ಹಿಟ್ಟು ಸಾಣಿಸುತ್ತಿದ್ದ ಹೆಂಡತಿಯ ಕಡೆ, ಒಮ್ಮೆ ಮಗ್ಗದ ಕಡೆ ತಿರುಗುತ್ತಿತ್ತು.

"ಏ ದಾನಮ್ಮಾ! ಈ ಕಡೆ ತಿರುಗಿದ್ರ ಮನಿ ಬಳಕಿ, ಆ ಕಡೆ ತಿರುಗಿದ್ರ ಉದ್ಯಮ! ಫ್ಯಾನ್ ವ್ಯಾಪ್ತಿ ಮೀರಾಕತ್ತೈತಿ!"

"ಗಾಳಿಗೆ ಎಲ್ಲೀ ವ್ಯಾಪ್ತಿ ರೀ? ಬಿಸಲಾಗ ಬಂದೀರಿ, ನೀರ ಕುಡೀರಿ."

"ನಿನಗ ಕಾಯ್ದೆ ತಿಳಿಯೂದಿಲ್ಲ."

"ಫ್ಯಾನ್ ತಿಳೀತೈತಿ. ಕೈ ಹಚ್ಚಬ್ಯಾಡ್ರಿ."

ಹಚ್ಚಿದೆ! ನೂಲನ್ನು ಹುರಿ ಮಾಡಿ ಫ್ಯಾನಿನ ಕುತ್ತಿಗೆಯನ್ನು ಅಡುಗೆಯ ಕಡೆಗೇ ಇರುವಂತೆ ಕಿಟಕಿಯ ಸರಳಿಗೆ ಬಿಗಿದೆ. ಫ್ಯಾನು ಹುಟ್ಟುಗುಣ ಬಿಟ್ಟೀತೇ? ಕುತ್ತಿಗೆ ತಿರುಗದಿದ್ದಾಗ ಬುಡವೇ ತಿರುಗಿತು! ಬನಹಟ್ಟಿಯ ನೂಲು ಹರಿಯಲಿಲ್ಲ. ಆದರೆ ಗಂಟು ನನ್ನದಲ್ಲವೇ, ಬಿಚ್ಚಿಕೊಂಡಿತು. ಫ್ಯಾನು ಜಾರಿ ಜೋಳದ ಹಿಟ್ಟಿನ ಪರಾತಕ್ಕೇ ಧುಮುಕಿತು. ಭುಸ್! ದಾನಮ್ಮ ಓಡಿ ಸ್ವಿಚ್ ಆರಿಸುವಷ್ಟರಲ್ಲಿ ಕೆಂಪು ಸೀರೆ ಬಿಳಿ ಸೀರೆಯಾಗಿತ್ತು.

"ಝಾಡಿಸಿದ್ರ ಹೋಗತೈತಿ, ನೀವು ಸುಮ್ಕ ನಿಂದರ‍್ರಿ" ಎಂದಳು ಆಕೆ. ನಾನು ಆಗಲೇ ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟಿದ್ದೆ! ಹಿಟ್ಟು ಅಂಟಾಯಿತು. ಮದುವೆ ಸೀರೆ ಹಾಳಾಯಿತು! ದಾನಮ್ಮ ನನ್ನನ್ನು ಪಕ್ಕಕ್ಕೆ ತಳ್ಳಿ, ಅಂಟನ್ನು ಸೀರೆಯ ತುಂಬ ತೆಳ್ಳಗೆ ಸವರಿ ಇಸ್ತ್ರಿ ಎಳೆದಳು.

ಶಿವಯೋಗೆಪ್ಪನವರು ಬಂದು ಸೆರಗನ್ನು ಮುಟ್ಟಿದರು, ತಿಕ್ಕಿದರು, ಮೂಸಿಯೂ ನೋಡಿದರು. ನಾನು ಮನೆದೇವರಿಗೆ ಕಾಯಿ ಹರಕೆ ಹೊತ್ತೆ.

"ಗಂಜಿ ಭಾರಿ ಛಲೋ ಹಾಕೀರಲ್ರೀ ಮುರಗೆಪ್ಪ! ಘಮಾ ಅಂತೈತಿ. ಬೀಗರ ಸೀರಿಗೂ ಇದ ಗಂಜಿ ಇರಲಿ!"

ಅವರು ಹೋದದ್ದೇ ತಡ, ನಾನು ಎದೆ ಸೆಟೆಸಿ ತಾಟಿನ ಮುಂದೆ ಕುಳಿತೆ.

"ನೋಡಿದಿ? ಎಲ್ಲಾ ನನ್ನ ವ್ಯಾಪ್ತಿ ಜ್ಞಾನ! ರೊಟ್ಟಿ ತಾ."

"ಹಿಟ್ಟು ಉದ್ಯಮಕ್ಕ ಹೋತ್ರಿ."

"ಡಬ್ಬ್ಯಾಗ ಇನ್ನೂ ಐತಲ್ಲ?"

ದಾನಮ್ಮ ಡಬ್ಬಿಯ ಮುಚ್ಚಳ ಬಿಗಿದಳು. "ಅದು ಮನಿ ಬಳಕಿಗೆ ಬರೋರಿಗಷ್ಟ ರೀ. ನೀವು ವ್ಯಾಪ್ತಿ ಹೊರಗ!"