ಹಸಿರು ಪಟ್ಟಿಯ ಮೇಲೆ ಸೈಕಲ್ ಒಂದು ಬಿಟ್ಟು

ರಸ್ತೆ ಮಾಡುವವರ ಬದುಕಿನಲ್ಲಿ ಡಾಂಬರು, ದೂಳು, ಬೈಗುಳ ಬಿಟ್ಟರೆ ಇನ್ನೇನಿರುತ್ತದೆ ಎಂದು ಕೇಳುವವರಿದ್ದಾರೆ. ಅಂಥವರನ್ನು ಒಂದು ದಿನದ ಮಟ್ಟಿಗೆ ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಬೇಕು ಎಂದು ನನಗೆ ಆಸೆ. ದಿನಕ್ಕೊಂದಾದರೂ ಸಂಗತಿ ತಾನಾಗಿ ಎದುರು ಬಂದು ನಿಲ್ಲುತ್ತದೆ. ಆ ಹೊತ್ತಿಗೆ ಬರುವುದು ಕೋಪ, ನಗು ಬರುವುದು ಮನೆಗೆ ಹೋಗಿ ಚಾ ಕುಡಿಯುವಾಗ.

ನಾನು ಇಪ್ಪತ್ತೆಂಟು ವರ್ಷಗಳಿಂದ ಊರಿನ ರಸ್ತೆ, ಚರಂಡಿಗಳ ಇಂಜಿನಿಯರ್. ನನ್ನ ಪಾಲಿಗೆ ಬಂದದ್ದು ಚರಂಡಿಯೇ ಆದ್ದರಿಂದ ಇಷ್ಟು ವರ್ಷ ನಾನು ಕಟ್ಟಿದ್ದೆಲ್ಲ ನೆಲದ ಅಡಿಯಲ್ಲೇ ಇದೆ. "ಇದು ಅಮ್ಮ ಮಾಡಿದ್ದು" ಎಂದು ಮಗಳಿಗೆ ತೋರಿಸಬೇಕಾದರೆ ಚಪ್ಪಡಿ ಎತ್ತಬೇಕು. ಹಾಗಾಗಿ ಮಣಿಪಾಲದ ಗುಡ್ಡದಿಂದ ಉಡುಪಿ ಪೇಟೆಗೆ ಇಳಿಯುವ ರಸ್ತೆಯ ಅಂಚಿನಲ್ಲಿ ಸೈಕಲ್ ಪಥ ಮಾಡುವ ಕೆಲಸ ನನ್ನ ಮೇಜಿಗೆ ಬಂದಾಗ ಹೊಸ ಸೀರೆ ಸಿಕ್ಕಷ್ಟು ಸಂತೋಷವಾಯಿತು. ಹಸಿರು ಬಣ್ಣ ಬಳಿದ ಪಟ್ಟಿ, ಅದರ ಅಂಚಿಗೆ ಹಳದಿ ಪ್ಲಾಸ್ಟಿಕ್ ಕಂಬಗಳು. ನನ್ನ ಕೈಯಿಂದ ಕಣ್ಣಿಗೆ ಕಾಣುವಂಥದ್ದು ಆದದ್ದು ಅದೊಂದೇ.

ಆದರೆ ಒಂದು ಷರತ್ತು ಇತ್ತು. ಇದು ಬೇಸಿಗೆ ಮುಗಿಯುವವರೆಗಿನ ಪ್ರಯೋಗ ಮಾತ್ರ. ಆಮೇಲೆ ಮೇಲಿನ ಕಚೇರಿಯ ಸಾಹೇಬರು ಬಂದು ನೋಡುತ್ತಾರೆ. ಜನ ತಾವಾಗಿ ಪಥವನ್ನು ಬಳಸುವುದು ಅವರ ಕಣ್ಣಿಗೆ ಬಿದ್ದರೆ ಅದು ಉಳಿಯುತ್ತದೆ. ಇಲ್ಲವಾದರೆ ಕಂಬ ಕಿತ್ತು, ಬಣ್ಣ ಕೆರೆದು, ಮೊದಲಿನಂತೆ ಕಾರು ನಿಲ್ಲಿಸಲು ಬಿಟ್ಟುಕೊಡಬೇಕು. ಈ ಚಿಂತೆಯನ್ನು ತಲೆಯಲ್ಲಿಟ್ಟುಕೊಂಡೇ ನಾನು ಆ ಬೇಸಿಗೆ ಕಳೆದೆ.

ಬೆಲ್ ಇಲ್ಲದ ಸೈಕಲ್

ಪಥದ ಮೇಲೆ ಅಲ್ಲಲ್ಲಿ ಬಿಳಿ ಬಣ್ಣದಲ್ಲಿ ಸೈಕಲ್ ಚಿತ್ರ ಬರೆಯಬೇಕು. ಅದಕ್ಕೆಂದು ಬಂದ ತಗಡಿನ ಅಚ್ಚು ಲಾರಿಯಿಂದ ಇಳಿಸುವಾಗಲೇ ಮುರಿದಿತ್ತು. ಗುತ್ತಿಗೆದಾರರು, "ನಮ್ಮಲ್ಲಿ ಒಬ್ಬ ಕಲಾವಿದ ಇದ್ದಾನೆ, ಅಚ್ಚು ಯಾಕೆ?" ಎಂದು ಒಬ್ಬರನ್ನು ಕರೆತಂದರು. ಅವರು ಅಷ್ಟಮಿಯ ಸಮಯದಲ್ಲಿ ಹುಲಿವೇಷದವರ ಮೈಗೆ ಬಣ್ಣ ಬರೆಯುವವರು. ಉಳಿದ ತಿಂಗಳು ಗೋಡೆ, ಗೇಟು.

ಮರುದಿನ ಹೋಗಿ ನೋಡುತ್ತೇನೆ, ಮೊದಲ ಸೈಕಲ್ಲಿಗೆ ಡೈನಮೋ ಉಂಟು, ಬೆಲ್ ಉಂಟು, ದೀಪ ಉಂಟು, ಮಡ್‌ಗಾರ್ಡಿಗೆ ರಬ್ಬರ್ ಕೂಡ ಉಂಟು. ಎರಡನೆಯದಕ್ಕೆ ಇವೆಲ್ಲದರ ಜೊತೆ ಹ್ಯಾಂಡಲಿನಲ್ಲಿ ಕೊಡೆಯೂ ನೇತಾಡುತ್ತಿತ್ತು. ಮೂರನೆಯದರ ಚೌಕಟ್ಟಿನ ಮೇಲೆ ಅಪ್ಪಟ ಹುಲಿಪಟ್ಟೆ.

"ಇದೆಂತ ಮಾರಾಯ್ರೆ? ಎರಡು ಚಕ್ರ, ಒಂದು ಹ್ಯಾಂಡಲ್ ಸಾಕು ಅಂತ ಹೇಳಿದ್ದೆ ಅಲ್ವಾ?" ಎಂದೆ.

ಅವರಿಗೆ ಬೇಸರವಾಯಿತು. "ಮೇಡಂ, ಬರಿ ಎಲುಬಿನ ಸೈಕಲ್ ನಾನು ಬರೆಯುವುದಿಲ್ಲ. ನಾಳೆ ನನ್ನ ಹುಲಿಗಳೇ ನನ್ನನ್ನು ನೋಡಿ ನಗಾಡ್ತಾರೆ."

ಉಳಿದದ್ದನ್ನಾದರೂ ಸರಳವಾಗಿ ಬರೆಯಿರಿ ಎಂದು ಕೈಮುಗಿದು ಬಂದೆ. ಅವರು ಸಿಟ್ಟಿನಿಂದಲೇ ಸರಳವಾಗಿ ಬರೆದರು. ವಾರ ಕಳೆಯುವುದರೊಳಗೆ ನಮ್ಮ ಕಚೇರಿಗೆ ಲಿಖಿತ ದೂರು ಬಂತು. "ಪಕ್ಕದ ಮನೆಯವರ ಎದುರಿನ ಸೈಕಲ್ಲಿಗೆ ಬೆಲ್ಲು, ದೀಪ, ಕೊಡೆ ಎಲ್ಲ ಇದ್ದು, ನಮ್ಮ ಮನೆ ಎದುರಿನದಕ್ಕೆ ಬೆಲ್ ಸಹ ಇರುವುದಿಲ್ಲ. ಈ ತಾರತಮ್ಯವನ್ನು ಕೂಡಲೇ ಸರಿಪಡಿಸಬೇಕಾಗಿ ವಿನಂತಿ."

ನಿಯಮ ಪ್ರಕಾರ

ಪಥದ ಬದಿಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಒಂದು ಅಂಗಡಿ. ಬಕೆಟು, ಚೊಂಬು, ಗುಡಿಸುವ ಹಿಡಿಸೂಡಿ ಎಲ್ಲ ಹಸಿರು ಪಟ್ಟಿಯ ಮೇಲೆಯೇ. ಮೂರು ಸಲ ಹೇಳಿ ನಾಲ್ಕನೆಯ ಸಲ ನಾನು ದನಿ ಏರಿಸಿದೆ. "ನೋಡಿ, ಇಲ್ಲಿ ಸೈಕಲ್ ಬಿಟ್ಟು ಬೇರೆ ಎಂತದೂ ಇರಬಾರದು. ಅರ್ಥ ಆಯ್ತಾ?"

"ಆಯ್ತು ಮೇಡಂ. ಈಗ ಸರಿಯಾಗಿ ಅರ್ಥ ಆಯ್ತು" ಎಂದರು ಅಂಗಡಿಯವರು. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು.

ಮರುದಿನ ಅಂಗಡಿಯ ಎದುರು ಟಯರ್ ಇಲ್ಲದ ಹಳೆಯ ಸೈಕಲ್ ಒಂದು ನಿಂತಿತ್ತು. ಅದರ ಹ್ಯಾಂಡಲಿಗೆ ಹನ್ನೆರಡು ಬಕೆಟು, ಸೀಟಿಗೆ ಚೊಂಬಿನ ಮಾಲೆ, ಚಕ್ರದ ಕಡ್ಡಿಗಳ ನಡುವೆ ಹಿಡಿಸೂಡಿಗಳು. ಸೈಕಲ್ ಎಲ್ಲಿದೆ ಎಂದು ಹುಡುಕಬೇಕಾದ ಸ್ಥಿತಿ. ನಾನು ಬಾಯಿ ತೆರೆಯುವ ಮೊದಲೇ ಅವರು, "ಸೈಕಲ್ಲೇ ಅಲ್ವಾ ಮೇಡಂ?" ಎಂದರು.

ಬಗ್ಗಿ ನೋಡಿದೆ. ಸೈಕಲ್ಲೇ. ಬರುವಾಗ ಅದರಿಂದಲೇ ಒಂದು ಹಿಡಿಸೂಡಿ ಕೊಂಡುಕೊಂಡು ಬಂದೆ.

ಕಾರ್ಕಳದವರು ಬಂದದ್ದು

ಕಾರ್ಕಳದಲ್ಲಿ ಕೆಲಸ ಮಾಡುವ ನನ್ನ ಹಳೆಯ ಸಹಪಾಠಿ, ಅವರೂ ಇಂಜಿನಿಯರೇ, ಫೋನ್ ಮಾಡಿದರು. "ನಮ್ಮಲ್ಲೂ ಸೈಕಲ್ ಪಥ ಮಾಡುವ ಯೋಚನೆ ಉಂಟು. ಕಾಪುವಿನವರೂ ಕೇಳ್ತಾ ಇದ್ದಾರೆ. ನಿನ್ನದನ್ನು ಒಮ್ಮೆ ನೋಡಿಕೊಂಡು ಹೋಗ್ತೇನೆ."

ಒಂದು ಬೆಳಿಗ್ಗೆ ಬಂದೇಬಿಟ್ಟರು. ನಾನು ಹೋಗುವಾಗ ಕಾರಿಗೆ ಒರಗಿ ನಿಂತು, ಕೈಯನ್ನು ಹಣೆಗೆ ಅಡ್ಡ ಇಟ್ಟು ಅತ್ತಿತ್ತ ನೋಡುತ್ತಿದ್ದರು. "ಅರ್ಧ ಗಂಟೆಯಿಂದ ಹುಡುಕ್ತಾ ಇದ್ದೇನೆ ಮಾರಾಯ್ತಿ, ಎಲ್ಲಿ ಉಂಟು ನಿನ್ನ ಪಥ?"

"ನಿನ್ನ ಕಾರಿನ ಅಡಿಯಲ್ಲಿ" ಎಂದೆ.

ನಮ್ಮ ಮನೆಯ ಅತಿಕ್ರಮಣ

ಏಪ್ರಿಲ್ ತಿಂಗಳಲ್ಲಿ ಕಚೇರಿಗೆ ಒಂದು ಫೋಟೋ ಬಂತು. ಹಸಿರು ಪಟ್ಟಿಯ ಮೇಲೆ ಉದ್ದಕ್ಕೆ ಚಾಪೆ ಹಾಸಿ, ಅದರ ಮೇಲೆ ಹಲಸಿನ ಹಪ್ಪಳ ಒಣಗಿಸಿದ್ದಾರೆ. ಎರಡು ಹಳದಿ ಕಂಬಗಳ ನಡುವೆ ಹಗ್ಗ ಕಟ್ಟಿ, ಕಾಗೆಗಳನ್ನು ಹೆದರಿಸಲು ಕಪ್ಪು ಬಟ್ಟೆ ಬೇರೆ. ನನಗೆ ರೇಗಿಹೋಯಿತು. "ಯಾರೇ ಆಗಲಿ, ಇವತ್ತು ಬಿಡುವುದಿಲ್ಲ" ಎಂದು ಇಡೀ ಕಚೇರಿಗೆ ಕೇಳುವ ಹಾಗೆ ಹೇಳಿ ಸ್ಕೂಟರ್ ಹತ್ತಿದೆ. ನೋಟಿಸಿನ ಪುಸ್ತಕವನ್ನೂ ತೆಗೆದುಕೊಂಡೆ.

ಅಲ್ಲಿ ಹೋಗಿ ನೋಡಿದರೆ, ಕೋಲು ಹಿಡಿದು ಕಾವಲು ಕುಳಿತದ್ದು ನನ್ನ ಅತ್ತೆ. ಪಥ ಹಾದುಹೋಗುವುದು ನಾದಿನಿಯ ಮನೆಯ ಮುಂದೆ. ಅತ್ತೆ ವಾರದ ಹಿಂದೆ ಮಗಳ ಮನೆಗೆಂದು ಹೋದವರು.

"ಬಂದೆಯಾ? ಬಾ ಬಾ" ಎಂದರು ಅವರು ನಗುತ್ತಾ. "ನಿನ್ನ ಕೆಲಸ ಭಾರೀ ಚಂದ ಆಗಿದೆ. ದೂಳಿಲ್ಲ, ಕಲ್ಲಿಲ್ಲ, ಸಂಜೆವರೆಗೆ ಬಿಸಿಲು ಉಂಟು. ನಲವತ್ತು ವರ್ಷದಿಂದ ಹಪ್ಪಳ ಮಾಡ್ತೇನೆ, ಇಂಥ ಜಾಗ ಯಾರೂ ಮಾಡಿ ಕೊಟ್ಟಿರಲಿಲ್ಲ."

ಮದುವೆಯಾದಂದಿನಿಂದ ಅವರ ಬಾಯಲ್ಲಿ ನನ್ನ ಕೆಲಸದ ಬಗ್ಗೆ ಕೇಳಿದ ಮೊದಲ ಹೊಗಳಿಕೆ ಅದು. ನನಗೆ ನಿಜವಾಗಿಯೂ ಕಣ್ಣು ತುಂಬಿಬಂತು. ನೋಟಿಸಿನ ಪುಸ್ತಕವನ್ನು ಚೀಲದೊಳಗೆ ತಳ್ಳಿ, ಪಕ್ಕದಲ್ಲಿ ಕುಳಿತು ಸ್ವಲ್ಪ ಹೊತ್ತು ಕಾಗೆ ಓಡಿಸಿದೆ. ಆಗ ಯಾರೋ ಎರಡನೆಯ ಫೋಟೋ ತೆಗೆದು ಕಚೇರಿಗೆ ಕಳುಹಿಸಿದರು. ಅದರಲ್ಲಿ ಹಪ್ಪಳ ಇತ್ತು, ಅತ್ತೆ ಇದ್ದರು, ಕೋಲು ನನ್ನ ಕೈಯಲ್ಲಿತ್ತು.

ಇಳಿದವು, ಹತ್ತಲಿಲ್ಲ

ದಿನಕ್ಕೆ ಎಷ್ಟು ಸೈಕಲ್ ಓಡುತ್ತವೆ ಎಂದು ಬರೆದು ಕಳುಹಿಸಬೇಕಿತ್ತು. ರಸ್ತೆ ಬದಿಯ ಮನೆಯ ನಿವೃತ್ತ ಮೇಷ್ಟ್ರೊಬ್ಬರು ಆ ಕೆಲಸ ವಹಿಸಿಕೊಂಡರು. ಜಗಲಿಯಲ್ಲಿ ಕುಳಿತು, ಇಳಿಯುವ ಸೈಕಲ್ಲಿಗೆ ಒಂದು ಪುಟ, ಹತ್ತುವ ಸೈಕಲ್ಲಿಗೆ ಒಂದು ಪುಟ. ತಿಂಗಳ ಕೊನೆಗೆ ನೋಡಿದರೆ, ಇಳಿದವುಗಳ ಪುಟ ತುಂಬಿ ಅಂಚಿನಲ್ಲೂ ಗೀಟುಗಳು. ಹತ್ತಿದವುಗಳ ಪುಟದಲ್ಲಿ ಒಂದೇ ಒಂದು ಗೀಟು. ಅದರ ಎದುರು ಮೇಷ್ಟ್ರು "ದೂಡಿಕೊಂಡು" ಎಂದು ಬರೆದಿದ್ದರು.

ಮೇಲಿನ ಕಚೇರಿಯಿಂದ ಪತ್ರ ಬಂತು: "ಉಡುಪಿಗೆ ಇಳಿದ ಸೈಕಲ್‌ಗಳು ಪ್ರಸ್ತುತ ಎಲ್ಲಿ ಸಂಗ್ರಹವಾಗಿರುತ್ತವೆ?"

ನನಗೂ ಅದೇ ಪ್ರಶ್ನೆ. ಒಂದು ದಿನ ಗುಡ್ಡದ ಬುಡದಲ್ಲಿ ಕಾದು ನಿಂತೆ. ಮಲ್ಪೆಯಿಂದ ಮೀನು ಹೊತ್ತು ಮಣಿಪಾಲಕ್ಕೆ ಹೋಗುವ ಟೆಂಪೊ ಬಂದು ನಿಂತಿತು. ಕಾಲೇಜಿನ ಮಕ್ಕಳು ತಮ್ಮ ಸೈಕಲ್‌ಗಳನ್ನು ಮಂಜುಗಡ್ಡೆಯ ಪೆಟ್ಟಿಗೆಗಳ ಮೇಲೆ ಕಟ್ಟಿ, ತಾವು ಬಸ್ಸು ಹತ್ತಿದರು. ಗಾಳಿಯಲ್ಲಿ ಇಳಿದು ಬಂದು ಪೇಟೆಯಲ್ಲಿ ಮಸಾಲೆ ದೋಸೆ ತಿನ್ನುವುದು, ಸೈಕಲ್ಲನ್ನು ಬಂಗುಡೆ ಮೀನಿನ ಜೊತೆ ಮೇಲಕ್ಕೆ ಕಳುಹಿಸುವುದು.

"ಆ ಏರು ಯಾರು ತುಳಿಯುವುದು ಮೇಡಂ?" ಎಂದರು ಟೆಂಪೊದವರು. "ಈ ಪಥ ಮಾಡಿದವರಿಗೆ ಸೈಕಲ್ ಬರುವುದಿಲ್ಲ, ಹೌದಾ?"

ಮಾಡಿದವಳು ನಾನೇ ಎಂದು ಹೇಳಲಿಲ್ಲ. ಹಾಸ್ಟೆಲಿನ ಸೈಕಲ್ ಸ್ಟ್ಯಾಂಡಿನಲ್ಲಿ ಅಷ್ಟೊಂದು ಬೆಕ್ಕುಗಳು ಯಾಕೆ ಕಾಯುತ್ತವೆ ಎಂಬುದು ಮಾತ್ರ ಅಂದು ಗೊತ್ತಾಯಿತು.

ಸಾಹೇಬರ ಪರಿಶೀಲನೆ

ಮೇ ತಿಂಗಳ ಒಂದು ದಿನ ಸಾಹೇಬರು ಬರುವುದೆಂದಾಯಿತು. ಅದೇ ದಿನ ಉಡುಪಿಯಲ್ಲಿ ಅವರ ತಂಗಿಯ ಮಗಳ ಮದುವೆ. ಬೆಳಿಗ್ಗೆ ಪಥ ನೋಡಿ, ಅಲ್ಲಿಂದ ನೇರ ಮಂಟಪಕ್ಕೆ ಹೋಗುವ ಲೆಕ್ಕಾಚಾರ. "ಯಾರನ್ನೂ ತಯಾರು ಮಾಡಿ ನಿಲ್ಲಿಸಬೇಡಿ. ನನಗೆ ಗೊತ್ತಾಗ್ತದೆ" ಎಂದು ಫೋನಿನಲ್ಲೇ ಎಚ್ಚರಿಸಿದ್ದರು.

ರೇಷ್ಮೆ ಪಂಚೆ, ಜರಿ ಶಾಲು ಧರಿಸಿ ಕಾರಿನಿಂದ ಇಳಿದರು. ಪರೀಕ್ಷೆ ಮುಗಿದು ಕಾಲೇಜಿನ ಮಕ್ಕಳೆಲ್ಲ ಊರಿಗೆ ಹೋಗಿದ್ದರು. ಅರ್ಧ ಗಂಟೆ ನಿಂತೆವು. ಒಂದು ನಾಯಿ ಮೇಲಿನಿಂದ ಕೆಳಗೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಅದೇ ನಾಯಿ ಕೆಳಗಿನಿಂದ ಮೇಲೆ ಬಂತು. ಸೈಕಲ್ ಒಂದೂ ಇಲ್ಲ.

"ನಿಮ್ಮ ಶ್ರಮ ಕಾಣ್ತದೆ ಮೇಡಂ. ಆದರೆ ಬಳಸುವವರು ಬೇಕಲ್ಲ? ಸೋಮವಾರದೊಳಗೆ ಕಂಬ ತೆಗೆಸಿ" ಎಂದರು. ಒಳ್ಳೆಯ ಮನುಷ್ಯ, ಮೆತ್ತಗೆಯೇ ಹೇಳಿದರು. ಆಗಬಹುದು ಸಾರ್ ಎಂದಷ್ಟೇ ಹೇಳಿ, ಕಡತ ಹಿಡಿದುಕೊಂಡು ಅವರ ಕಾರಿನಲ್ಲಿಯೇ ಪೇಟೆಯ ಕಡೆಗೆ ಹೊರಟೆ.

ಒಳ್ಳೆಯ ಮುಹೂರ್ತದ ದಿನ ಎಂದರೆ ಊರಿನ ಎಲ್ಲ ಮಂಟಪಗಳಲ್ಲೂ ಮದುವೆ. ಅರ್ಧ ದಾರಿಗೆ ಬರುವಾಗ ಕಾರು, ಬಸ್ಸು, ರಿಕ್ಷಾ ಎಲ್ಲ ಒಂದಕ್ಕೊಂದು ತಾಗಿ ನಿಂತುಬಿಟ್ಟಿದ್ದವು. ಸಾಹೇಬರ ಫೋನ್ ಬಡಿದುಕೊಳ್ಳತೊಡಗಿತು. ತಂಗಿಯ ದನಿ ನನಗೂ ಕೇಳುತ್ತಿತ್ತು. "ಅಣ್ಣಾ, ಎಲ್ಲಿದ್ದೀ? ಮದುಮಗಳನ್ನು ಮಂಟಪಕ್ಕೆ ಕರೆತರುವುದು ಸೋದರಮಾವ ಅಲ್ವಾ? ಭಟ್ಟರು ಕರೀತಾ ಇದ್ದಾರೆ. ಮುಹೂರ್ತ ನಿನಗೆ ಕಾಯ್ತದಾ?"

ಸಾಹೇಬರು ಕಾರಿನಿಂದ ಇಳಿದರು. ಪಂಚೆ ಎತ್ತಿ ನಾಲ್ಕು ಹೆಜ್ಜೆ ಓಡಿದರು. ಮೈ ಭಾರ, ಬಿಸಿಲು. ಏದುಸಿರು ಬಿಡುತ್ತ ಹಳದಿ ಕಂಬವನ್ನೇ ಹಿಡಿದು ನಿಂತರು.

ಆಗ ಹಸಿರು ಪಟ್ಟಿಯ ಮೇಲೆ ಟ್ರಿಣ್ ಟ್ರಿಣ್ ಎಂದು ಒಂದು ಲೇಡೀಸ್ ಸೈಕಲ್ ಇಳಿದು ಬಂತು. ಶಂಕರಪುರದ ಮಲ್ಲಿಗೆಯನ್ನು ಮನೆಮನೆಗೆ, ಮಂಟಪಗಳಿಗೆ ತಲುಪಿಸುವ ಹೆಂಗಸು. ಎದುರಿನ ಬುಟ್ಟಿಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಹೂವು. ನಾನು ಅಡ್ಡ ನಿಂತು, ಯಾವ ಮಂಟಪಕ್ಕೆ ಎಂದು ಕೇಳಿದೆ. ಅದೇ ಮಂಟಪ. ಅದೇ ಮದುಮಗಳ ಹೂವು.

"ಇವರು ಸೋದರಮಾವ. ಇವರಿಲ್ಲದೆ ಧಾರೆ ಆಗುವುದಿಲ್ಲ" ಎಂದೆ.

ಆಕೆ ಸಾಹೇಬರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಹೂವು ಮುಂದೆ, ಮಾವ ಹಿಂದೆ. ಬೇಗ ಕೂತುಕೊಳ್ಳಿ, ಹೂವು ಬಾಡ್ತದೆ" ಎಂದಳು.

"ಕ್ಯಾರಿಯರ್‌ನಲ್ಲಾ? ನಾನಾ?" ಎಂದರು ಸಾಹೇಬರು. ಫೋನ್ ಮತ್ತೆ ಬಡಿದುಕೊಂಡಿತು. ಕೂತರು.

ಅವರು ಹೊರಟ ಮೇಲೆ ನನಗೆ ನೆನಪಾಯಿತು. ಪಥಕ್ಕೆ ಸ್ಕೂಟರಿನವರು ನುಗ್ಗಬಾರದೆಂದು ಆ ಇಳಿಜಾರಿನಲ್ಲಿ ಒಂಬತ್ತು ಉಬ್ಬು ಹಾಕಿಸಿದವಳು ನಾನು. ಕಬ್ಬಿಣದ ಕ್ಯಾರಿಯರ್, ನುಣುಪು ರೇಷ್ಮೆ, ಬ್ರೇಕು ಹಿಡಿಯುವ ಅಭ್ಯಾಸವಿಲ್ಲದ ಹೆಂಗಸು. ಮೊದಲ ಉಬ್ಬಿಗೆ ಸಾಹೇಬರು ಒಂದು ಗೇಣು ಮೇಲೆ ಹೋಗಿ ಬಂದರು. ಎರಡನೆಯದಕ್ಕೆ ಒಂದೂವರೆ ಗೇಣು. "ಅಯ್ಯೋ ದೇವರೇ" ಎಂಬ ದನಿ ಒಂಬತ್ತು ಸಲ, ದೂರವಾಗುತ್ತ ಕೇಳಿಸಿತು. ನಾನು ಕಡತ ಹಿಡಿದುಕೊಂಡು ಹಿಂದಿನಿಂದ ನಡೆದೆ. ಇಕ್ಕೆಲದ ಕಾರಿನವರೆಲ್ಲ ಕಿಟಕಿ ಇಳಿಸಿ ನೋಡುತ್ತಿದ್ದರು.

ನಾನು ಮಂಟಪ ತಲುಪುವಾಗ ಧಾರೆ ಮುಗಿದಿತ್ತು, ಸರಿಯಾದ ಸಮಯಕ್ಕೇ ಮುಗಿದಿತ್ತು. ಮದುಮಗಳ ಜಡೆಯಲ್ಲಿ ಮಲ್ಲಿಗೆ ತಾಜಾ ಇತ್ತು. ಸಾಹೇಬರು ನನ್ನನ್ನು ಕಂಡು ಕೈಸನ್ನೆ ಮಾಡಿ ಕರೆದರು. ಕುರ್ಚಿ ಎಳೆದುಕೊಟ್ಟೆ. ಕುರ್ಚಿಯನ್ನು ಒಮ್ಮೆ ದಿಟ್ಟಿಸಿ ನೋಡಿ, ಬೇಡ ಎಂದು ತಲೆಯಾಡಿಸಿದರು. ಕಡತವನ್ನು ಕಂಬಕ್ಕೆ ಒತ್ತಿ ಹಿಡಿದು, ನಿಂತುಕೊಂಡೇ ಬರೆದರು: "ಪಥದ ಉಪಯುಕ್ತತೆಯನ್ನು ಸ್ವತಃ ಪರಿಶೀಲಿಸಿದ್ದೇನೆ. ಪಥ ಶಾಶ್ವತವಾಗಿ ಉಳಿಯತಕ್ಕದ್ದು. ಉಬ್ಬುಗಳನ್ನು ಇಂದೇ ತೆಗೆಯತಕ್ಕದ್ದು." "ಇಂದೇ" ಎಂಬುದರ ಅಡಿಗೆ ಎರಡು ಗೀಟು ಎಳೆದರು.

ಊಟ ಮಾಡದೆ ಹೋಗಲು ತಂಗಿ ಬಿಡಲಿಲ್ಲ. ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತಾಗ ನನ್ನ ಪಥ ಉಳಿಯಿತೆಂಬ ಸಂತೋಷಕ್ಕೆ ಅನ್ನವೇ ಇಳಿಯಲಿಲ್ಲ. ಎಲ್ಲರೂ ಕುಳಿತಿದ್ದರು. ಸಾಹೇಬರೊಬ್ಬರು ಮಾತ್ರ, ಎಷ್ಟು ಕರೆದರೂ ಕೂರದೆ, ಸಾರಿನ ಬಾಲ್ದಿ ಹಿಡಿದು ಪಂಕ್ತಿಯುದ್ದಕ್ಕೂ ಬಡಿಸುತ್ತಿದ್ದರು.

ತಂಗಿ ನನ್ನ ಪಕ್ಕ ಬಗ್ಗಿ, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು: "ನೋಡಿ ಮೇಡಂ, ಎಷ್ಟು ದೊಡ್ಡ ಅಧಿಕಾರಿ ನನ್ನ ಅಣ್ಣ! ಬಂದಾಗಿನಿಂದ ಒಂದು ಗಳಿಗೆ ಕೂತಿಲ್ಲ. ಸೋದರಸೊಸೆಯ ಮೇಲೆ ಅವರಿಗೆ ಅಷ್ಟು ಪ್ರೀತಿ."