ತಿಜೋರಿಯಿಂದ ಬಳೆಗಳು ಗೈರುಹಾಜರಾದ ಕುರಿತು

ಪ್ರವಾಸಿ ತಂಗುದಾಣಗಳ ಇಲಾಖೆ
(ಸುಭದ್ರ ಠೇವಣಿ ವಿಭಾಗ)

ಸಂಖ್ಯೆ: ಪ್ರತಂಇ/ಸುಠೇವಿ/ಬಳೆ/ಜೋಡಿ-೧

ಸುತ್ತೋಲೆ

ವಿಷಯ: ತಂಗುದಾಣದ ತಿಜೋರಿಯಲ್ಲಿ ಪ್ರವಾಸಿಯೊಬ್ಬರು ಇರಿಸಿದ್ದ ಒಂದು ಜೊತೆ ಚಿನ್ನದ ಬಳೆಗಳು ಇರಿಸಿದಲ್ಲಿ ಇಲ್ಲದಿರುವ ಬಗ್ಗೆ.

ಉಲ್ಲೇಖ:
(ಅ) “ತಿಜೋರಿಯ ಬಗ್ಗೆ ಅತಿಥಿಗಳಲ್ಲಿ ವಿಶ್ವಾಸ ಮೂಡಿಸುವುದು” ಎಂಬ ಈ ಕಛೇರಿಯ ಹಿಂದಿನ ಸುತ್ತೋಲೆ.
(ಆ) ಸದರಿ ಪ್ರವಾಸಿಯ ಮನವಿ.
(ಇ) ತಿಜೋರಿ ಪಾಲಕರ ವಿವರಣೆ (ಕೇಳಿದ್ದಕ್ಕಿಂತ ಉದ್ದವಾಗಿದೆ).

ಪ್ರಸ್ತಾವನೆ:

ತಂಗುದಾಣಕ್ಕೆ ಅಂಕಿಗಳನ್ನು ತಿರುಗಿಸಿ ತೆರೆಯುವ ಹೊಸ ತಿಜೋರಿಯನ್ನು ತರಿಸಿದ ನಂತರ, ಅತಿಥಿಗಳು ಅದನ್ನು ನಂಬದೆ ತಮ್ಮ ಒಡವೆಗಳನ್ನು ದಿಂಬಿನಡಿಯೇ ಇಟ್ಟುಕೊಳ್ಳುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿತ್ತು. ಆದ್ದರಿಂದ, ಬರುವ ಪ್ರತಿಯೊಬ್ಬ ಅತಿಥಿಗೂ ತಿಜೋರಿಯನ್ನು ತೆರೆದು, ಮುಚ್ಚಿ, ಅದರ ಗಟ್ಟಿತನವನ್ನು ಕಣ್ಣಾರೆ ತೋರಿಸತಕ್ಕದ್ದೆಂದು ಉಲ್ಲೇಖ (ಅ)ರಲ್ಲಿ ಆದೇಶಿಸಲಾಗಿತ್ತು. ಸಿಬ್ಬಂದಿಯಲ್ಲಿ ಚಿಲಕದ ಮಾಮ ಎಂದೇ ಕರೆಯಲ್ಪಡುವ ತಿಜೋರಿ ಪಾಲಕರು ಈ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ. ಹೊಸ ಅಳಿಯನನ್ನು ನೆಂಟರಿಗೆ ತೋರಿಸುವಂತೆ ಅವರು ತಿಜೋರಿಯನ್ನು ತೋರಿಸುತ್ತಿದ್ದರೆಂದು ಸ್ವಾಗತ ಮೇಜಿನ ನೌಕರರು ಬರೆದುಕೊಟ್ಟಿದ್ದಾರೆ. ಪಾಲಕರ ವಿವರಣೆಯ ಮುಖ್ಯ ಭಾಗ ಹೀಗಿದೆ:

“ತೋರಿಸಿ ಅಂದಿದ್ರಿ, ತೋರಿಸ್ದೆ ಸ್ವಾಮಿ. ಒಬ್ಬರಿಗೆ ತೋರಿಸಿ ಇನ್ನೊಬ್ಬರಿಗೆ ಇಲ್ಲ ಅಂದ್ರೆ ಭೇದಭಾವ ಆಗಲ್ವಾ? ಬೇರೆಯವರೆಲ್ಲ ನಾನು ಹೇಳ್ತಿದ್ರೆ ಆಕಳಿಸ್ತಾರೆ. ಆ ಮೂಲೆ ರೂಮಿನವನು ಮಾತ್ರ ಎಷ್ಟು ಶ್ರದ್ಧೆಯಿಂದ ಕೇಳ್ದ ಗೊತ್ತಾ? ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ನಿಧಾನಕ್ಕೆ ಮಾಡಿ ಅಂದ. ಮಾಡ್ದೆ. ನಾನು ತಿರುಗಿಸ್ಲಾ ಅಂದ. ತಿರುಗಿಸು ಅಂದೆ. ಮಾರನೇ ದಿನ ನಾನು ಊಟ ಮುಗಿಸಿ ಬರೋಷ್ಟರಲ್ಲಿ ಅವನೂ ಇಲ್ಲ, ಬಳೇನೂ ಇಲ್ಲ. ಆದ್ರೆ ಒಂದು ಮಾತು ಹೇಳ್ಬೇಕು, ಬಾಗಿಲು ಮಾತ್ರ ನಾನು ಹೇಳಿಕೊಟ್ಟ ಹಾಗೇ ಸರಿಯಾಗಿ ಮುಚ್ಚಿ ಹೋಗಿದ್ದಾನೆ.”

ಬಳೆಗಳನ್ನು ಇರಿಸಿದ್ದ ಪ್ರವಾಸಿಯು ದರ್ಜಿ ವೃತ್ತಿಯ ಹಿರಿಯ ಮಹಿಳೆ. ಅವರ ಮನವಿಯನ್ನು ಸಂಕ್ಷೇಪಿಸಲು ವಿಭಾಗದ ಗುಮಾಸ್ತರಿಗೆ ಸೂಚಿಸಲಾಗಿತ್ತು. ಅವರು ಓದಿ, ಒಂದು ಪದವನ್ನೂ ಹೊಡೆದುಹಾಕದೆ ವಾಪಸು ಕೊಟ್ಟ ಕಾರಣ ಇದ್ದಂತೆಯೇ ನೀಡಲಾಗಿದೆ:

“ಬಳೆ ಹೋಯ್ತು ಅಂತ ಅಳ್ತಿಲ್ಲ ಸಾರ್ ನಾನು. ನಮ್ಮಮ್ಮ ಹೋದಾಗ ಆ ಬಳೆ ಯಾರಿಗೆ ಅನ್ನೋ ಮಾತು ಬಂದು, ನಾನೂ ನನ್ನ ತಂಗೀನೂ ಮಾತು ಬಿಟ್ವಿ. ದೊಡ್ಡವಳು ಅಂತ ನಾನೇ ಇಟ್ಕೊಂಡೆ. ಹಾಕ್ಕೊಂಡಿದ್ದೂ ಇಲ್ಲ, ಮನಸ್ಸೇ ಬರ್ಲಿಲ್ಲ. ಈಗ ನಾನೇ ಫೋನ್ ಮಾಡಿ, ಬಳೆ ನಿಂಗೇ ತರ್ತಿದೀನಿ ಕಣೆ ಅಂದೆ. ತಂದ ಮೇಲೆ ನೋಡೋಣ ಅಂದ್ಳು. ಈಗ ಬರಿಗೈಯಲ್ಲಿ ಹೋಗಿ ಬಾಗಿಲಲ್ಲಿ ನಿಂತು, ದಾರೀಲಿ ಕಳ್ಳತನ ಆಯ್ತು ಅಂದ್ರೆ ನಂಬ್ತಾಳಾ? ಅವಳ ಜಾಗದಲ್ಲಿ ನಾನಿದ್ರೂ ನಂಬ್ತಿರ್ಲಿಲ್ಲ. ನಂಗೆ ಪರಿಹಾರ ಗಿರಿಹಾರ ಏನೂ ಬೇಡ. ನಿಮ್ಮಲ್ಲಿ ಇಟ್ಟಿದ್ದೆ, ಇಲ್ಲಿಂದ ಕಳ್ಳತನ ಆಯ್ತು ಅಂತ ಒಂದು ಸಾಲು ಬರೆದು ಮೊಹರು ಹಾಕಿಕೊಡಿ. ಸಾಕು.”

ಮೇಲಿನ ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ, ಈ ಕೆಳಕಂಡ ನಿರ್ದೇಶನಗಳನ್ನು ತಕ್ಷಣದಿಂದ ಜಾರಿಗೆ ಬರುವಂತೆ ಹೊರಡಿಸಲಾಗಿದೆ.

೧. ಇಲಾಖೆಯ ತಂಗುದಾಣಗಳಿಗೆ “ಕಳ್ಳತನ ರಹಿತ” ಎಂಬ ಫಲಕವನ್ನು ಈಗಾಗಲೇ ನೀಡಲಾಗಿದ್ದು, ಅದನ್ನು ತಿಜೋರಿಯ ನೆತ್ತಿಯ ಮೇಲಿನ ಗೋಡೆಗೇ ಮೊಳೆ ಹೊಡೆದು ಕೂರಿಸಲಾಗಿದೆ. ಮೊಳೆಗಳು ಗೋಡೆಯೊಳಕ್ಕೆ ತುಂಬಾ ಆಳವಾಗಿ ಹೋಗಿರುವುದರಿಂದ ಫಲಕವನ್ನು ತೆಗೆಯಲು ಬರುವುದಿಲ್ಲ. ಆದಕಾರಣ ತಂಗುದಾಣದಲ್ಲಿ ಕಳ್ಳತನ ನಡೆಯಲು ಅವಕಾಶವಿರುವುದಿಲ್ಲ. ಇನ್ನು ಮುಂದೆ ಇಂತಹ ಪ್ರಸಂಗಗಳನ್ನು “ಸ್ವತ್ತಿನ ಗೈರುಹಾಜರಿ” ಎಂದೇ ನಮೂದಿಸತಕ್ಕದ್ದು. “ಕಳವು”, “ಲಪಟಾವಣೆ”, “ಎತ್ತಿಕೊಂಡು ಹೋದ” ಇತ್ಯಾದಿ ಪ್ರಯೋಗಗಳನ್ನೂ, ತಲೆಯ ಮೇಲೆ ಕೈಹೊತ್ತು ಕೂರುವುದನ್ನೂ ಕಛೇರಿ ವೇಳೆಯಲ್ಲಿ ನಿಷೇಧಿಸಲಾಗಿದೆ.

೨. ಸದರಿ ಬಳೆಗಳು ಪೂರ್ವಾನುಮತಿ ಪಡೆಯದೆ ಗೈರುಹಾಜರಾಗಿರುವುದು ಗಂಭೀರ ಲೋಪವಾಗಿದ್ದು, ಅವು ಜೋಡಿಯಾಗಿ, ಖುದ್ದಾಗಿ ತಿಜೋರಿಯ ಮುಂದೆ ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು. ಒಂದೇ ಬಳೆ ಹಾಜರಾದಲ್ಲಿ ಅರ್ಧ ದಿನದ ಹಾಜರಿ ಎಂದು ಪರಿಗಣಿಸಲಾಗುವುದು.

೩. ತಿಜೋರಿ ಪ್ರದರ್ಶನವನ್ನು ಏಕಾಏಕಿ ನಿಲ್ಲಿಸಿದರೆ ಅತಿಥಿಗಳಲ್ಲಿ ಸಂಶಯ ಮೂಡುವುದರಿಂದ ಅದನ್ನು ಮುಂದುವರಿಸಲಾಗುವುದು. ಆದರೆ ಪ್ರದರ್ಶನ ಮುಗಿಯುವವರೆಗೆ ಅತಿಥಿಗಳು ಗೋಡೆಯ ಕಡೆ ಮುಖ ಮಾಡಿ ನಿಲ್ಲತಕ್ಕದ್ದು. ಪಾಲಕರು “ಈಗ ತೆರೆದೆ”, “ಈಗ ಮುಚ್ಚಿದೆ” ಎಂದು ಬಾಯಲ್ಲಿ ಹೇಳತಕ್ಕದ್ದು. ಅತಿಥಿಗಳು ನಂಬತಕ್ಕದ್ದು.

೪. ತಿಜೋರಿಯ ಬಗ್ಗೆ ಪ್ರಶ್ನೆ ಕೇಳುವ ಅತಿಥಿಗಳ ಮೇಲೆ ನಿಗಾ ಇಡತಕ್ಕದ್ದು. ಪ್ರಶ್ನೆಯನ್ನೇ ಕೇಳದವರಿಗೆ ಎಲ್ಲ ಮೊದಲೇ ತಿಳಿದಿರುವ ಸಂಭವವಿದ್ದು, ಅವರ ಮೇಲೆ ಇನ್ನೂ ಹೆಚ್ಚಿನ ನಿಗಾ ಇಡತಕ್ಕದ್ದು.

೫. ತಿಜೋರಿಯ ಗುಪ್ತ ಅಂಕಿಗಳನ್ನು ಬದಲಾಯಿಸಲಾಗಿದೆ. ಹಿಂದಿನ ಅನುಭವದ ಹಿನ್ನೆಲೆಯಲ್ಲಿ ಹೊಸ ಅಂಕಿಗಳನ್ನು ಯಾರಿಗೂ ತಿಳಿಸದಿರಲು ತೀರ್ಮಾನಿಸಲಾಗಿದ್ದು, ಪಾಲಕರು ಕಣ್ಣು ಮುಚ್ಚಿಕೊಂಡು ಅವನ್ನು ತಿರುಗಿಸಿರುತ್ತಾರೆ. ಅಂದಿನಿಂದ ಇಂದಿನವರೆಗೆ ತಿಜೋರಿಯಿಂದ ಒಂದು ಗುಂಡುಸೂಜಿಯೂ ಗೈರುಹಾಜರಾಗಿರುವುದಿಲ್ಲ ಎಂಬುದನ್ನು ಹೆಮ್ಮೆಯಿಂದ ದಾಖಲಿಸಲಾಗಿದೆ. ಸೈಕಲ್ ಪ್ರವಾಸಿಯೊಬ್ಬರ ಪಾಸ್‌ಪೋರ್ಟು ಹಾಗೂ ಅಡುಗೆಯವರ ಹಲ್ಲಿನ ಸೆಟ್ಟು ಒಳಗೇ ಇದ್ದು ಸಂಪೂರ್ಣ ಸುರಕ್ಷಿತವಾಗಿವೆ. ಸೈಕಲ್ ಪ್ರವಾಸಿಯು ಜಗಲಿಯಲ್ಲಿ ಕಾಯುತ್ತಿದ್ದಾರೆ. ತಂಗುದಾಣದ ಊಟ ಕೆಲದಿನಗಳಿಂದ ತೀರಾ ಮೆತ್ತಗಿದೆ ಎಂಬ ದೂರುಗಳನ್ನು ಈ ಕಂಡಿಕೆಯೊಂದಿಗೆ ಓದಿಕೊಳ್ಳತಕ್ಕದ್ದು.

೬. ಮೂಲೆ ಕೊಠಡಿಯ ಅತಿಥಿಯು ಹೊರಡುವ ಮುನ್ನ ಅಭಿಪ್ರಾಯ ಪುಸ್ತಕದಲ್ಲಿ “ವ್ಯವಸ್ಥೆ ಅತ್ಯುತ್ತಮ. ಸಿಬ್ಬಂದಿಯ ಸಹಕಾರವನ್ನು ಮರೆಯಲಾರೆ” ಎಂದು ಬರೆದಿರುವುದು ಕಂಡುಬಂದಿದೆ. ಆ ಹಾಳೆಯನ್ನು ಸಿಟ್ಟಿನಲ್ಲಿ ಹರಿಯಲು ಹೊರಟಿದ್ದ ಸ್ವಾಗತ ಮೇಜಿನ ನೌಕರರಿಗೆ ಎಚ್ಚರಿಕೆ ನೀಡಲಾಗಿದೆ. ಈ ಸಾಲಿನಲ್ಲಿ ಇಲಾಖೆಗೆ ಬಂದಿರುವ ಏಕೈಕ ಪ್ರಶಂಸೆ ಇದಾಗಿದ್ದು, ಚೌಕಟ್ಟು ಹಾಕಿಸಲು ಮಂಜೂರಾತಿ ದೊರೆತಿದೆ. ಸದರಿ ಅತಿಥಿಯು ಟವೆಲಿನ ಮುಂಗಡವನ್ನು ವಾಪಸು ಪಡೆಯದೆ ಹೋಗಿದ್ದು, ಅದಕ್ಕಾಗಿ ಬಂದೇ ಬರುತ್ತಾರೆಂಬ ಭರವಸೆಯಲ್ಲಿ ಕಾವಲುಗಾರರನ್ನು ಟವೆಲ್ ಕಪಾಟಿನ ಹಿಂದೆ ನಿಲ್ಲಿಸಲಾಗಿದೆ.

೭. ಇನ್ನು ಮುಂದೆ ಯಾವುದೇ ವಸ್ತುವನ್ನು ಠೇವಣಿಗೆ ಪಡೆಯುವ ಮೊದಲು “ಇದು ಹೋದರೆ ಅಳುತ್ತೀರಾ?” ಎಂದು ಅತಿಥಿಯನ್ನು ಕೇಳತಕ್ಕದ್ದು. ಅಳುತ್ತೇನೆಂದರೆ ಅಂಥ ವಸ್ತುವನ್ನು ಪಡೆಯತಕ್ಕದ್ದಲ್ಲ. ಅಳುವುದಿಲ್ಲವೆಂದರೆ, ಹಾಗಾದರೆ ಇಲ್ಲಿ ಏಕೆ ಇಡುತ್ತೀರೆಂದು ಕೇಳಿ ಹಿಂತಿರುಗಿಸತಕ್ಕದ್ದು.

೮. ದರ್ಜಿ ಮಹಿಳೆಯ ವಾಸ್ತವ್ಯದ ಅವಧಿ ಮುಗಿದಿದ್ದು, ಅವರು ತಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತಿಜೋರಿ ಕೊಠಡಿಯ ಎದುರಿನ ಬೆಂಚಿನಲ್ಲಿ ಕೂತಿರುತ್ತಾರೆ. ನೋಂದಾಯಿತ ಅತಿಥಿಗಳಿಗೆ ಮಾತ್ರ ಮೀಸಲಾದ ಬೆಂಚಿನಲ್ಲಿ ಹೀಗೆ ಕೂರಲು ನಿಯಮದಲ್ಲಿ ಅವಕಾಶವಿಲ್ಲದ ಕಾರಣ, ಬೆಂಚನ್ನೇ ತಾತ್ಕಾಲಿಕವಾಗಿ ಬೆಂಚಲ್ಲವೆಂದು ಘೋಷಿಸಲಾಗಿದೆ. ಅಡುಗೆಯವರು ಅವರಿಗೆ ಆಗಾಗ ಚಹಾ ಕಳುಹಿಸುತ್ತಿರುವುದನ್ನು “ಪಾತ್ರೆ ತೊಳೆಯುವ ವೆಚ್ಚ” ಎಂಬ ಬಾಬ್ತಿನಡಿ ಸಕ್ರಮಗೊಳಿಸಲಾಗಿದೆ. ಅವರು ಕೂತಲ್ಲೇ ಸಿಬ್ಬಂದಿಯ ಮೂರು ಅಂಗಿಗಳಿಗೆ ಗುಂಡಿ ಹಾಕಿಕೊಟ್ಟಿದ್ದು, ಅವುಗಳಲ್ಲಿ ಒಂದು, ಇದೇ ತಂಗುದಾಣದಲ್ಲಿ ಕಛೇರಿ ಇರುವ ಕೆಳಸಹಿದಾರರದಾಗಿದೆ.

೯. ಮನನೊಂದ ತಿಜೋರಿ ಪಾಲಕರು ರಜೆ ಅರ್ಜಿ ಸಲ್ಲಿಸಿದ್ದು, ಅದರಲ್ಲಿ “ತಿಜೋರೀನ ಕೈಗಾಡಿ ಮೇಲೆ ಹೇರ್ಕೊಂಡು ಅಕ್ಕನ ಜೊತೆ ಅವರ ತಂಗಿ ಮನೆಗೇ ಹೋಗ್ತೀನಿ. ಅವನು ಹೇಗೆ ತೆಗೆದ ಅಂತ ಅವರ ಕಣ್ಣೆದುರಿಗೇ ತೆಗೆದು ತೋರಿಸ್ತೀನಿ. ಆಗ ನಂಬಲೇಬೇಕು” ಎಂದು ಕಾರಣ ನೀಡಿರುತ್ತಾರೆ. ತಿಜೋರಿಯು ಇಲಾಖೆಯ ಸ್ಥಿರ ಆಸ್ತಿಯಾಗಿರುವುದರಿಂದಲೂ, ಈಗ ಅದು ಯಾರಿಂದಲೂ ತೆರೆಯಲಾಗದ ಸ್ಥಿತಿಯಲ್ಲಿರುವುದರಿಂದಲೂ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಅವರ ಉದ್ದೇಶ ಒಳ್ಳೆಯದೆಂಬುದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ನಮೂದಿಸಲಾಗಿದೆ.

೧೦. ದರ್ಜಿ ಮಹಿಳೆಯು ಕೋರಿರುವ ಒಂದು ಸಾಲಿನ ದೃಢೀಕರಣದ ವಿಚಾರ. ಕಂಡಿಕೆ ೧ರ ಪ್ರಕಾರ ನಡೆಯದೇ ಇರುವ ಘಟನೆ ನಡೆದಿದೆಯೆಂದು ದೃಢೀಕರಿಸಲು ಬರುವುದಿಲ್ಲ. ಬದಲಿಗೆ “ಸದರಿಯವರ ಬಳಿ ಬಳೆಗಳು ಇರುವುದಿಲ್ಲ” ಎಂಬ ದೃಢೀಕರಣ ನೀಡಬಹುದೆಂದು ತಿಳಿಸಲಾಯಿತು. ಅವರು ಅದನ್ನು ಓದಿ, ಇದು ನನ್ನ ತಂಗಿಗೆ ಮೊದಲೇ ಗೊತ್ತಿರುವ ವಿಷಯ ಎಂದು ಹೇಳಿ ಮಡಚಿ ಹಿಂತಿರುಗಿಸಿದ್ದಾರೆ. “ಬಳೆಗಳು ಬಹುಶಃ ಇದ್ದವು” ಎಂಬ ಇನ್ನೊಂದು ಕರಡನ್ನು ಗುಮಾಸ್ತರು ತಯಾರಿಸಿದ್ದು, ಅದು ಇನ್ನೂ ಅಧ್ವಾನವೆಂದು ಕಂಡಿದ್ದರಿಂದ ಹರಿದು ಹಾಕಲಾಗಿದೆ. ಹೀಗಾಗಿ ಮನವಿಯನ್ನು ವಿಷಾದಪೂರ್ವಕವಾಗಿ ತಳ್ಳಿಹಾಕಲಾಗಿದೆ. ಇಲ್ಲಿ “ವಿಷಾದಪೂರ್ವಕವಾಗಿ” ಎಂಬುದು ವಾಡಿಕೆಗೆ ಬಳಸುವ ಮಾತಲ್ಲ. ಈ ಕಂಡಿಕೆಯನ್ನು ಬರೆಯುವಾಗ ಕೆಳಸಹಿದಾರರಿಗೆ ನಿಜವಾಗಿಯೂ ಬೇಸರವಾಗಿದೆ. ಆ ಬೇಸರವನ್ನು ಯಾವ ಬಾಬ್ತಿಗೆ ಹಾಕಬೇಕೆಂದು ಲೆಕ್ಕಪತ್ರ ಶಾಖೆಯಿಂದ ಸ್ಪಷ್ಟೀಕರಣ ಬರಬೇಕಾಗಿದೆ.

೧೧. ಈ ಸುತ್ತೋಲೆಯ ಬಗ್ಗೆ ನಗುವುದು ಕಂಡುಬಂದಲ್ಲಿ ಕಾರಣ ಕೇಳಿ ನೋಟಿಸು ನೀಡಲಾಗುವುದು. ನಗದಿದ್ದಲ್ಲಿ, ಓದಿಲ್ಲವೆಂದು ಭಾವಿಸಿ ಇನ್ನೊಂದು ಪ್ರತಿ ಕಳುಹಿಸಲಾಗುವುದು.

ಮೇಲ್ಕಂಡ ನಿರ್ದೇಶನಗಳನ್ನು ಎಲ್ಲರೂ ಅರ್ಥ ಮಾಡಿಕೊಂಡಷ್ಟು ಮಟ್ಟಿಗೆ ಪಾಲಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

(ಸಹಿ)
ಉಪ ನಿಯಂತ್ರಕರು
ಸುಭದ್ರ ಠೇವಣಿ ವಿಭಾಗ

ಪ್ರತಿಗಳು:

೧) ಎಲ್ಲ ತಂಗುದಾಣಗಳ ತಿಜೋರಿ ಪಾಲಕರಿಗೆ, ಸೂಕ್ತ ಕ್ರಮಕ್ಕಾಗಿ. ಕ್ರಮ ಯಾವುದೆಂದು ನಮಗೂ ತಿಳಿಸುವುದು.

೨) ಅಡುಗೆಯವರಿಗೆ, ತಾಳ್ಮೆಗಾಗಿ.

೩) ಸದರಿ ಬಳೆಗಳಿಗೆ. ವಿಳಾಸ ಲಭ್ಯವಿಲ್ಲದ ಕಾರಣ ತಿಜೋರಿಯ ಬಾಗಿಲಿಗೆ ಅಂಟಿಸುವುದು.

೪) ಫಲಕ ವಿತರಣಾ ಶಾಖೆಗೆ, ಮುಂದಿನ ಸಲ ಗಿಡ್ಡ ಮೊಳೆ ಕಳುಹಿಸಲು.

೫) ದರ್ಜಿ ಮಹಿಳೆಯ ತಂಗಿಯವರಿಗೆ, ಅವರ ಅಕ್ಕನ ಕೈಯಲ್ಲೇ ಕಳುಹಿಸಲಾಗಿದೆ. ಪ್ರತಿ ಯಾರಿಗೆ ಹೋಗಬೇಕೆಂಬ ಪಟ್ಟಿಯನ್ನು ಮೇಲಧಿಕಾರಿಗಳು ಓದುವ ಪದ್ಧತಿ ಇಲ್ಲವಾದ್ದರಿಂದ ಇಲ್ಲಿ ನೇರವಾಗಿ ಬರೆಯಲಾಗಿದೆ: ಅಮ್ಮಾ, ಬಳೆಗಳು ನಮ್ಮ ತಿಜೋರಿಯಿಂದ ಕಳ್ಳತನವಾಗಿವೆ. ತಪ್ಪು ನಮ್ಮದು. ನಿಮ್ಮ ಅಕ್ಕ ಅವುಗಳನ್ನು ನಿಮಗೆ ಕೊಡಲೆಂದೇ ತಂದಿದ್ದರು; ಹಳೇ ಸೀರೆಯ ಅಂಚಿನಲ್ಲಿ ಸುತ್ತಿ, ಮೇಲೆ ನಿಮ್ಮ ಹೆಸರು ಹೊಲಿದಿದ್ದ ಆ ಗಂಟನ್ನು ತಿಜೋರಿಗೆ ಇಡುವಾಗ ನಾನೇ ಕಣ್ಣಾರೆ ನೋಡಿದ್ದೇನೆ. ಅವರು ಸುಳ್ಳು ಹೇಳುತ್ತಿಲ್ಲ. ಅವರನ್ನು ಒಳಗೆ ಕರೆದುಕೊಳ್ಳಿ. ಈ ಪ್ರತಿಗೆ ಮಾತ್ರ ಮೊಹರನ್ನು ಎರಡು ಸಲ ಒತ್ತಲಾಗಿದೆ.